ಮುದ್ದೇಮಾಲು

ನನ್ನ ಕೆಲಸ ಮೀನಿನ ತೊಟ್ಟಿ ತೊಳೆಯೋದು.
ಪೈಪಿನ ತುದಿ ಬಾಯಲ್ಲಿಟ್ಟು ಒಂದುಸಿರು ಎಳೆದರೆ
ನೀರು ತಾನೇ ಇಳಿಯುತ್ತೆ ಬಕೆಟ್ಟಿಗೆ.
ಹೀಗಾಗಿ ದೊಮ್ಮಲೂರಿಂದ ಹಲಸೂರಿನವರೆಗೆ
ಯಾರ ಮನೆಯ ನೀರು ಏನು ರುಚಿ, ನಾಲಿಗೆಗೆ ಗೊತ್ತು:
ಕರ್ನಲ್ಲರ ಮನೇದು ತುಕ್ಕು,
ಹಲ್ಲಿನ ಡಾಕ್ಟರದು ಲವಂಗ
(ಅದು ನನ್ನ ಭ್ರಮೆಯೂ ಇದ್ದೀತು).

ಬಂಗೇರ ಸಾರ್ ಮನೇದು ಸಿಹಿ ಇತ್ತು, ಮೊದಲು.
ಜೀವನ್ ಭೀಮಾ ನಗರ, ಮೂರನೇ ಮಹಡಿ, ಲಿಫ್ಟಿಲ್ಲ.
ಪಬ್ಬಿನಲ್ಲಿ ಸೌಂಡ್ ನೋಡಿಕೊಳ್ಳುವ ಮನುಷ್ಯ,
ಹಾಲಿನವನು ಬರುವ ಹೊತ್ತಿಗೆ ಮಲಗುವವರು.
ನಾಲ್ಕಡಿ ತೊಟ್ಟಿ, ಹನ್ನೊಂದು ಮೀನು.
ಎಲ್ಲರಿಗೂ ಹೇಳುವ ಮಾತು ಅವರಿಗೂ ಹೇಳಿದ್ದೆ:
ರಾತ್ರಿ ಲೈಟ್ ಆರಿಸಿ ಸಾರ್,
ಮೀನಿಗೆ ರೆಪ್ಪೆ ಇಲ್ಲ.

ಚೌತಿ ಕಳೆದ ವಾರ ಫೋನು.
ಸಾಯಬಣ್ಣಾ, ಇನ್ನೂ ಜಾಸ್ತಿ ಬೆಳಕಿಂದು ಸಿಗುತ್ತಾ?
ನೀಲಿ, ಕೆಂಪು ಎರಡೂ ಇರೋದು?
ಶಿವಾಜಿನಗರದಿಂದ ಎರಡು ಪಟ್ಟಿ ತಂದೆ.
ನೀರೊಳಗಿನ ಗಿಡಕ್ಕೆ ಅಂದುಕೊಂಡೆ.

ತೊಟ್ಟಿಯಲ್ಲಿ ನೀರಿರಲಿಲ್ಲ.
ಮಣ್ಣು. ಮಣ್ಣಲ್ಲಿ ಮೂರು ಗಿಡ, ಎಲೆಗೆ ಏಳೇಳು ಬೆರಳು.

ಗುರುತು ಸಿಗದೇ ಇರುತ್ತಾ?
ನಮ್ಮಜ್ಜ ಮಠದ ಕಟ್ಟೆಯ ಮೇಲೆ
ಅಂಗೈಯಲ್ಲಿ ಉಜ್ಜಿ ಉಜ್ಜಿ ಚಿಲುಮೆ ತುಂಬಿ
ಒದ್ದೆ ಅರಿವೆ ಸುತ್ತಿ
ಮೊದಲ ದಮ್ಮು ಮೌನಪ್ಪನಿಗೆ ಎಂದು ಕಣ್ಣು ಮುಚ್ಚುತ್ತಿದ್ದ.
ಭಂಗಿ ಸೊಪ್ಪು.
ತೊಗರಿ ಸಾಲಿನ ನಡುವೆ ಯಾರೂ ಕೇಳದೆ ಆಳೆತ್ತರ ಬೆಳೆದು
ಅಜ್ಜನಿಗಿಂತ ಹೆಚ್ಚು ಬಿಸಿಲು ಕುಡಿದಿದ್ದು.
ಇಲ್ಲಿ ಗಾಜಿನೊಳಗೆ ಗೇಣುದ್ದ ನಿಂತಿತ್ತು,
ನಾಳೆ ಪರೀಕ್ಷೆ ಇರುವ ಹುಡುಗನ ಹಾಗೆ ಬಿಳಿಚಿಕೊಂಡು.

ಎಷ್ಟು ಹೊತ್ತು ಹಾಕ್ತೀರಿ ಲೈಟು?
ಆರಿಸೋದೇ ಇಲ್ಲ, ಅಂದರು ಹೆಮ್ಮೆಯಲ್ಲಿ.
ಹೂ ಬಿಡಲ್ಲ ಸಾರ್, ಅದಕ್ಕೂ ಕತ್ತಲೆ ಬೇಕು,
ಅನ್ನುವುದು ಬಾಯಿಯವರೆಗೆ ಬಂತು.
ನನ್ನದು ಮೀನಿನ ಕೆಲಸ. ಮೀನನ್ನಷ್ಟೆ ಕೇಳಿದೆ.
ಹತ್ತು ಹೋದವಂತೆ.
ಒಂದು ಗೌರಾಮಿ ಬಚ್ಚಲಿನ ಬಕೆಟ್ಟಿನಲ್ಲಿ
ಮೇಲೆ ಬಂದು ಗಾಳಿ ನುಂಗಿ ಕೆಳಗೆ ಹೋಗುತ್ತಿತ್ತು,
ಬಾಡಿಗೆ ಬಾಕಿ ಇರುವವನ ಹಾಗೆ, ಸದ್ದಿಲ್ಲದೆ.

ಹಿಡಿದುಕೊಟ್ಟಿದ್ದು ವಾಸನೆಯಲ್ಲ, ಕಿಟಕಿ.
ಎದುರು ಮನೆಯ ಯಾರೋ ಅಮ್ಮನವರಿಗೆ
ಆ ನೇರಳೆ ಬೆಳಕಲ್ಲಿ ನಿದ್ದೆ ಹತ್ತುತ್ತಿರಲಿಲ್ಲ.

ಪಂಚನಾಮೆಗೆ ನನ್ನನ್ನೂ ಕರೆದರು, ಬಿಲ್ಲಿನ ಮೇಲೆ ನನ್ನ ನಂಬರಿತ್ತು.
ರೈಟರು ಬರೆದುಕೊಂಡರು:
ಗಿಡ ಮೂರು, ಬೇರು ಸಮೇತ.
ಗಾಜಿನ ತೊಟ್ಟಿ ಒಂದು.
ದೀಪದ ಪಟ್ಟಿ ಎರಡು, ಉರಿಯುವ ಸ್ಥಿತಿಯಲ್ಲಿ.
ಬಂಗೇರನ ಮನೇಲಿ ಭಂಗಿ, ಅಂತ ತಾವೇ ನಕ್ಕರು.
ಎಂಥ ದೀಪಾನಯ್ಯ ಇದು?
ಮೀನಿಂದು ಸಾರ್.
ಮೀನೆಲ್ಲಿ?
ಬಚ್ಚಲಲ್ಲಿ ಸಾರ್.
ಪೆನ್ನು ನಿಂತಿತು. ಮುದ್ದೇಮಾಲಿನ ಪಟ್ಟಿಯಲ್ಲಿ
ಉಸಿರಾಡುವುದಕ್ಕೆ ಜಾಗ ಇರಲಿಲ್ಲ.
ನೀನೇ ತಗೊಂಡು ಹೋಗು, ಅಂದರು.

ಜೀಪು ಹತ್ತುವಾಗ ಬಂಗೇರ ಸಾರ್ ತಿರುಗಿ
ನಿಂಗೆ ಮುನ್ನೂರು ಬಾಕಿ ಇತ್ತಲ್ವಾ, ಅಂದರು.
ಇರಲಿ ಸಾರ್, ಅಂದೆ.
ಮೂರು ಮಹಡಿ ಇಳಿದು ಬಂದ ಗಿಡಗಳು
ಗೋಣಿಚೀಲದೊಳಗೆ, ಬಂದಾಗಿನಿಂದ ಮೊದಲ ಸಲ
ಕತ್ತಲೆಯಲ್ಲಿದ್ದವು.

ಪ್ಲಾಸ್ಟಿಕ್ ಚೀಲಕ್ಕೆ ಅರ್ಧ ನೀರು, ಅರ್ಧ ಗಾಳಿ, ಒಂದು ಗೌರಾಮಿ.
ಸ್ಕೂಟರಿನ ಹ್ಯಾಂಡಲ್ಲಿಗೆ ಸಿಕ್ಕಿಸಿ ಹೊರಟೆ.
ಹನ್ನೊಂದೂವರೆ.
ಈ ಊರನ್ನೂ ಯಾರೋ ಆರಿಸಲು ಮರೆತು ಹೋಗಿದ್ದಾರೆ.
ದೊಮ್ಮಲೂರಲ್ಲಿ ಸಿಗ್ನಲ್ಲು ಕೆಂಪು,
ಮೇಲೆ ಒಡವೆ ಅಂಗಡಿಯ ನೀಲಿ ಹೋರ್ಡಿಂಗು,
ನಡುವೆ ಚೀಲ ನೇರಳೆಯಾಗಿ ತೂಗಿತು.
ನೂರಾ ಹತ್ತು ಸೆಕೆಂಡು.
ಅದು ನೋಡುತ್ತಲೇ ಇತ್ತು.

ಜಾಕೆಟ್ಟಿನ ಜಿಪ್ಪು ಎಳೆದು
ಒಳಗಿಟ್ಟುಕೊಂಡು ಮುಚ್ಚಿದೆ.
ಹೊಟ್ಟೆಗೆ ತಣ್ಣಗೆ ತಗುಲಿತು ನೀರು.
ಒಮ್ಮೆ ಬಾಲ ಬಡಿದು
ಸುಮ್ಮನಾಯಿತು.
ಹಿಂದಿನವನು ಹಾರ್ನ್ ಹೊಡೆದ.