ಒಬ್ಬ ರಾಜ ಹೆಚ್ಚು

ಸ್ಕಾಟ್ ಆಡುವ ಇಸ್ಪೀಟಿನ ಕಟ್ಟಿನಲ್ಲಿ ಎಲೆ ಮೂವತ್ತೆರಡು.
ಅಪ್ಪನ ತಗಡಿನ ಡಬ್ಬಿಯಲ್ಲಿ
ವಿಯೆಟ್ನಾಮಿನಿಂದ ಸಾಕ್ಸಿನೊಳಗೆ ಸುತ್ತಿಕೊಂಡು ಬಂದ ಮರದ ಬಿಲ್ಲೆ,
ಅಲ್ಲಿಯ ಚದುರಂಗದ ಕಾಯಿ,
ಅವೂ ಮೂವತ್ತೆರಡು.
ಇಷ್ಟು ಸಾಕಾಯಿತು ನನ್ನ ನಿದ್ದೆ ಕೆಡಲು.

ಆಲ್ಟೆನ್‌ಬುರ್ಗಿನಲ್ಲಿ ಇಸ್ಪೀಟೆಂದರೆ ಚಟವಲ್ಲ, ಕಸುಬು.
ಲೋಟಾರ್ ಮುದುಕ ನಲವತ್ತು ವರ್ಷ ಎಲೆ ಕತ್ತರಿಸಿದವನು;
ಕಟ್ಟನ್ನು ಕಿವಿಯ ಹತ್ತಿರ ಫರ್ರನೆ ಬಿಟ್ಟು
'ಒಂದು ಕಡಿಮೆ ಇದೆ ಹುಡುಗಿ' ಅನ್ನುತ್ತಾನೆ.
ಎಣಿಸಿದರೆ ಹೌದು,
ಅದು ಸೂಪಿನ ಬಟ್ಟಲ ತಳಕ್ಕೆ ಅಂಟಿಕೊಂಡಿರುತ್ತದೆ.

ಮೊದಮೊದಲು ತಾನಾಗಿ ಕೂಡಿಬಂತು.
ಕೆಂಪು ಹದಿನಾರು, ಕಪ್ಪು ಹದಿನಾರು, ಸರಿ.
ಎಕ್ಕ ರಥವಾಯಿತು, ಹತ್ತು ಫಿರಂಗಿ.
ಒಂಬತ್ತನ್ನು ಆನೆ ಮಾಡಿದೆ: ಅಂಕಿಯಲ್ಲೇ ಇತ್ತು ಸೊಂಡಿಲು.
ಗುಲಾಮನಿಗೆ ಕುದುರೆ ಕೊಟ್ಟೆ,
ರಾಣಿಗೆ ಮಂತ್ರಿಗಿರಿ, ಹೇಗೂ ಮಾಡುತ್ತಿದ್ದದ್ದೇ.
ಏಳು ಎಂಟು ಕಾಲಾಳು.

ಎಣಿಸಿದೆ. ಕಾಲಾಳು ನಾಲ್ಕು.
ಬೇಕಾದದ್ದು ಐದು.
ದಂಡನಾಯಕ ಬೇಕಾದದ್ದು ಒಬ್ಬ.
ರಾಜರು ಇಬ್ಬರು.

ಎರಡು ವಾರ ಅವರ ಮುಖವನ್ನೇ ನೋಡುತ್ತ ಕೂತೆ,
ಆಟೀನಿನವನದು, ಡೈಮಂಡಿನವನದು.
ಒಬ್ಬನ ಕಿರೀಟ ರಬ್ಬರಿನಿಂದ ಉಜ್ಜಿದೆ, ಮತ್ತೆ ಬರೆದೆ.
ಕಾಗದ ಸವೆದು ತೂತಾಯಿತು ಹಣೆಯಲ್ಲಿ.
'ಇನ್ನೊಂದು ಎಲೆ ಸೇರಿಸಲೇ?'
'ಸೇರಿಸು, ಆಮೇಲೆ ಅದನ್ನು ಸ್ಕಾಟ್ ಅನ್ನಬೇಡ,' ಅಂದ ಲೋಟಾರ್,
'ರಾಜ ನಾಲ್ಕು ಅಂಕದವನು.
ಬಿಡಿಗಾಸಿಲ್ಲದ ಏಳೆಂಟರ ಸಾಲಿನಲ್ಲಿ ನಿಲ್ಲಿಸುತ್ತೀಯಾ ಅವನನ್ನು?'
ಬಿಯರಿನ ನೊರೆ ಒರೆಸಿಕೊಳ್ಳಲೂ ಇಲ್ಲ, ಅಷ್ಟು ಸಿಟ್ಟು.

ಅಪ್ಪ ಅಡುಗೆಮನೆಯಲ್ಲಿ ಈರುಳ್ಳಿ ಸೊಪ್ಪು ಕೊಚ್ಚುತ್ತಿದ್ದ.
ಕತ್ತಿ ನಿಲ್ಲಿಸದೆ ಹೇಳಿದ:
'ದಂಡನಾಯಕನಿಗೆ ಒಂಬತ್ತು ಚುಕ್ಕೆಯ ಅರಮನೆ,
ಸಾಯುವತನಕ ಅದರೊಳಗೇ.
ಆನೆ ಹೊಳೆ ದಾಟುವಂತಿಲ್ಲ, ಮಂತ್ರಿ ಹೊಸಿಲು ದಾಟುವಂತಿಲ್ಲ.
ಕಾಲಾಳು ದಾಟುತ್ತಾನೆ.
ದಾಟಿದ ಮೇಲೆ ಎಡಕ್ಕೂ ಬಲಕ್ಕೂ ನಡೆಯಬಹುದು.
ಹಿಂದಕ್ಕೆ ಇಲ್ಲ.'
ಕತ್ತಿಯಿಂದ ಸೊಪ್ಪನ್ನು ಬಾಣಲೆಗೆ ಬಳಿದ.

ಗುರುವಾರ ನಮ್ಮ ಅಂಗಡಿಗೆ ರಜೆ.
ಎರಡು ಮೇಜು ಕೂಡಿಸಿದೆವು, ನಡುವಿನ ಸಂದಿಯೇ ಹೊಳೆ.
ಅಪ್ಪ ಸೀಮೆಸುಣ್ಣದಲ್ಲಿ ಗೆರೆ ಎಳೆದ, ಅಳತೆಕೋಲಿಲ್ಲದೆ;
ಊರಲ್ಲಿ ರೇಖಾಗಣಿತದ ಮೇಷ್ಟರು,
ಇಲ್ಲಿ ಗೋಡೆ ಬೀಳುವ ತನಕ
ಅಂಗಿಗೆ ಗುಂಡಿ ಹೊಲಿದವನು.
ಗೆರೆ ಒಂದೂ ಸೊಟ್ಟಗಾಗಲಿಲ್ಲ.

ಡೈಮಂಡಿನ ರಾಜ ಕಾಲಾಳುಗಳ ನಡುವೆ ನಿಂತ.
ಕಿರೀಟ ತೆಗೆದಿರಲಿಲ್ಲ ನಾನು,
ಮೂಲೆಯಲ್ಲಿ ಒಂದು ಪುಟ್ಟ ಪಾದದ ಗುರುತು, ಅಷ್ಟೇ.
ಎಲೆಯ ರಾಜನಿಗೆ ಹೇಗೂ ಎರಡು ತಲೆ:
ಒಂದು ಆಚೆ ದಡ ನೋಡುತ್ತಿತ್ತು,
ಇನ್ನೊಂದು, ತಲೆಕೆಳಗಾಗಿ, ಬಿಟ್ಟು ಬಂದದ್ದನ್ನು.

ಕೆಂಪು ಲೋಟಾರನದು. ಗೊಣಗಿದ, ಕೆಮ್ಮಿದ,
ನಿಯಮ ಮೂರು ಸಲ ಕೇಳಿದ.
ಕೊನೆಗೆ ಅವನೇ, ಯಾರೂ ಹೇಳದೆ,
ಆ ರಾಜನ ಬೆನ್ನಿಗೆ ಹೆಬ್ಬೆರಳೊತ್ತಿ
ಮೆಲ್ಲಗೆ ಸಂದಿ ದಾಟಿಸಿದ.
ಆಚೆ ಮೇಜಿನ ಮೇಲೆ ಮೀನಿನ ಸಾರು ಚೆಲ್ಲಿತ್ತು,
ನಮಗೆ ಕಂಡಿರಲಿಲ್ಲ.

ಆಟ ಯಾರು ಗೆದ್ದರೋ ನೆನಪಿಲ್ಲ.
ಒರೆಸಿ, ಎಲೆ ಒಟ್ಟುಮಾಡಿ, ಸ್ಕಾಟಿಗೆ ಕೂತಾಗ ಕಂಡಿತು:
ಡೈಮಂಡಿನ ರಾಜನ ಬೆನ್ನಲ್ಲಿ
ಎಳೆ ಹುಣಸೆಯೆಲೆಯಷ್ಟು ಕಂದು ಕಲೆ.
ಗುರುತು ಬಿದ್ದ ಎಲೆ. ಕಟ್ಟು ಕೆಟ್ಟಿತು.
ಕಾರ್ಖಾನೆಯಲ್ಲಾಗಿದ್ದರೆ ಲೋಟಾರ್ ಮೂವತ್ತೆರಡನ್ನೂ
ಕಸದ ಡಬ್ಬಿಗೆ ಎಸೆಯುತ್ತಿದ್ದ.

ಕಿವಿಯ ಹತ್ತಿರ ಹಿಡಿದು ಫರ್ರನೆ ಬಿಟ್ಟ.
'ಎಲ್ಲರೂ ಇದ್ದಾರೆ,' ಅಂದ.
ಅವನು ಯಾರ ಕೈಗೆ ಹೋಗುತ್ತಾನೆಂದು
ಮೂವರಿಗೂ ಕಾಣುತ್ತಿತ್ತು.
ಆದರೂ ಹಂಚಿದ.