ಧರ್ಮಕಾಟಾ

ಬ್ಯಾಡಗಿ ಪ್ಯಾಟಿಯ ಹಿಂದ, ಮೋಟೆಬೆನ್ನೂರ ರಸ್ತೆಗೆ
ನಾ ಕೂಡ್ರೂ ಖೋಲಿ ಮ್ಯಾಲೆ ಬರದೈತಿ: ಧರ್ಮಕಾಟಾ.
ಬಣ್ಣ ಬಳಿಯಾಂವ ಕೇಳಿದ್ದ, 'ಯಾವ ಧರ್ಮದ್ದು?'
'ಅರವತ್ತು ಟನ್ನಿಂದು' ಅಂದಿದ್ದೆ.

ನಮ್ಮ ಲೆಕ್ಕ ಸರಳ.
ತುಂಬಿದ ಗಾಡಿ ಒಮ್ಮೆ, ಖಾಲಿ ಗಾಡಿ ಒಮ್ಮೆ,
ಕಳದ್ರ ಉಳಿಯೂದು ಮೆಣಸಿನಕಾಯಿ.
ಮೂವತ್ತು ವರ್ಷದಾಗ ಕಾಟಾ ಎರಡು ಸಲ ಸುಳ್ಳು ಹೇಳೇತಿ.
ಎರಡೂ ಸಲ ನಾನು ಹೇಳಿಸಿದ್ದು.

ಮೊನ್ನೆ ಸೋಮವಾರ, ಲಾರಿ ಪಾಳಿ ಉದ್ದ.
ಚಾದಂಗಡಿ ಬಾಂಕಿನ ಮ್ಯಾಲೆ ಜಗಳ:
ಶಿಡೇನೂರ ಮಾಸ್ತರು, ರಿಟಾಯರ್ಡ, ಗಣಿತದವರು,
'ಧರ್ಮ ಇರದಿದ್ರ ಮನುಷ್ಯಾ ಎಂದೋ ಮುಂದ ಹೋಗ್ತಿದ್ದ' ಅಂತಾರ.
ದಲಾಲಿ ಗುರುಶಾಂತಪ್ಪ ಎದ್ದು ನಿಂತ:
'ಮಠದ ಬೋರ್ಡಿಂಗ ಇರದಿದ್ರ, ಮಾಸ್ತರ,
ನಿಮಗ ಮಗ್ಗಿ ಕಲಿಸಾವ್ರು ಯಾರಿದ್ರು?'
ಮಾಸ್ತರು ಸೀನಿದರು. ಎಲ್ಲಾರೂ ಸೀನಿದರು.
ಘಾಟು ಇತ್ಲಾಗ ತಿರುಗಿದ್ರ ನಮ್ಮೂರಾಗ ಹಂಗ,
ವಾದ ಅಲ್ಲಿಗೇ ನಿಲ್ಲತೈತಿ, ಒಂದೀಟು ಹೊತ್ತು.

ಆಮ್ಯಾಲೆ ನನ್ನ ಕಡೆ ತಿರುಗಿ,
'ನೀ ಕಾಟಾದಾಂವ, ಹೇಳಪಾ ತೂಕಾ.'

ಏನ ಹೇಳ್ಲಿ.
ನನ್ನಜ್ಜಿ ದುರಗವ್ವ, ಊರ ಭಾವಿ ಕಟ್ಟಿಂದ ಹತ್ತು ಮಾರು ದೂರ,
ಯಾರರೆ ಬಂದು ಸೇದಿ ಎತ್ತಿ ಸುರುವಿಯಾರು ಅಂತ
ಖಾಲಿ ಕೊಡಾ ಹಿಡಕೊಂಡು ಮಟಮಟ ಮಧ್ಯಾಹ್ನ ನಿಲ್ಲತಿದ್ಲು.
ಆ ಭಾವಿ ಕಲ್ಲಿನಾಗ ಅಕ್ಷರ ಅದಾವ, ನಾ ಓದೀನಿ:
ಸಕಲ ಜೀವರ ಪುಣ್ಯಾರ್ಥ ಕಟ್ಟಿಸಿದ್ದು.
ತೋಡಿಸಿದ್ದೂ ಅದೇ, ಹಗ್ಗ ಕಸಗೊಂಡದ್ದೂ ಅದೇ.

ಅದೇ ಅಜ್ಜಿ, ನಾಕು ಕೂಸು ಮಣ್ಣಿಗೆ ಕೊಟ್ಟಮ್ಯಾಲೆ
ದರ್ಗಾದ ಮುಂದ ಸೆರಗೊಡ್ಡಿ
ಐದನೇದಕ್ಕ ಫಕ್ಕೀರಪ್ಪ ಅಂತ ಹೆಸರಿಟ್ಲು.
ಅಂವ ಉಳದ, ನನ್ನಪ್ಪ.
ಉಳಿಸಿದ್ದು ಹಾವೇರಿ ದವಾಖಾನಿ ಸೂಜಿ ಅಂತ ಅವನ ವಾದ.
ಇರಬಹುದು. ಆದರ ಹದಿನಾಕು ಮೈಲಿ
ಜ್ವರದ ಕೂಸು ಬಗಲಾಗ ಇಟಗೊಂಡು ರಾತ್ರಿ ನಡದಾಕಿ ಅಕಿ;
ಅಕಿ ಕಾಲಿಗೆ ಬಲ ಸೂಜಿ ಕೊಟ್ಟಿದ್ದಿಲ್ಲ.

ಇದನ್ನ ಯಾವ ಕಾಲಮ್ಮಿನಾಗ ಬರೀಲಿ?

'ಒಂದು ತಕರಾರು ಐತ್ರಿ ಮಾಸ್ತರ' ಅಂದೆ,
'ತುಂಬಿದ ಗಾಡಿ ಅಷ್ಟ ಕಾಟಾಕ್ಕ ಬಂದಾವ.
ದೇವರನ್ನ ಪೂರಾ ಇಳಿಸಿ,
ಹೆಣದ ಮ್ಯಾಲೆ ಒಂದು ಹೂವೂ ಇಡದ ಊರು
ಒಂದರೆ ಈ ಹಲಗಿ ಮ್ಯಾಲೆ ಬಂದು ನಿಂತೈತೇನ್ರಿ?
ಖಾಲಿ ತೂಕಾ ಇಲ್ಲದ ಚೀಟಿ ಹರಿಯಾಕ ಬರೂದಿಲ್ಲ.'
ಮಾಸ್ತರು ಸುಮ್ಮನಾದ್ರು. ಗಣಿತದವರು.

ಇನ್ನೊಂದು ಹೇಳಲಿಲ್ಲ.
ತುಂಬಿದ್ದು ತೂಗುವಾಗ ಡ್ರೈವರು ಕ್ಲೀನರು ಒಳಗ ಕುಂತಿರತಾರ,
ಖಾಲಿ ತೂಗುವಾಗ ಇಳೀತಾರ.
ನೂರಾ ಇಪ್ಪತ್ತು ಕಿಲೋ ಮನುಷ್ಯಾ ಮೆಣಸಿನಕಾಯಿ ರೇಟಿಗೆ ಮಾರಾಟ.
ಅದಕ್ಕ ಕಿಟಕಿಂದ ಒದರತೀನಿ: ಇಳೀರಿ, ಎಲ್ಲಾರೂ ಇಳೀರಿ!
ಆ ರಾತ್ರಿನೂ ಒದರಬೇಕಂತ ಬಾಯಿ ತಗದೆ.
ಮಾಸ್ತರು ಒಳಗ, ಗುರುಶಾಂತಪ್ಪ ಒಳಗ,
ನಾನು, ಫಕ್ಕೀರಪ್ಪನ ಮಗಾ, ಸ್ಟೇರಿಂಗ ಹಿಡಕೊಂಡೇ ಕುಂತೀನಿ.

ಎರಡು ಗಂಟೆಕ್ಕ ಗುಂಟೂರ ಲಾರಿ ಬಂತು.
ಡ್ರೈವರ ಇಳದು ಕಬ್ಬಿಣದ ಹಲಗಿ ಮುಟ್ಟಿ ಕಣ್ಣಿಗೊತ್ತಿಕೊಂಡ.
ಯಾವ ದೇವರು ಅಂತ ನಾ ಕೇಳಲಿಲ್ಲ.
ಅರ್ಧ ತೆಲುಗಿನಾಗ ಅಂವನ ಕೇಳಿದ, 'ಕಾಟಾ ಸರಿ ಐತೇನಣ್ಣಾ?'
ಸೊನ್ನಿ ತೋರಸ್ಬೇಕಂತ ಬೆಳಕು ಹಾಕಿದೆ.
ಸೊನ್ನಿ ಇದ್ದಿಲ್ಲ. ಹಲಗಿ ಮ್ಯಾಲಿನ ಕೆಂಪು ಧೂಳಿಗೇ
ಐದು ಕಿಲೋ ತೋರಸ್ತಿತ್ತು.

ಕಸಬರಗಿ ತಗೊಂಡು ಇಳದೆ.