ಆಕಳಿಕೆ

ಬೊಗಳುವ ನಾಯಿ ಕಚ್ಚುವುದಿಲ್ಲ ಅಂತ
ಮೂರನೇ ಕ್ಲಾಸಿನಲ್ಲಿ ಹತ್ತು ಸಲ ಬರೆಸಿದ್ದರು.
ಎಡಗೈಯ ಈ ಐದು ಹೊಲಿಗೆ
ಹಮಾಲಾದ ಕೆನೆಲ್ಲಿನಲ್ಲಿ ನನ್ನ ಮೊದಲ ವಾರದ್ದು.
ಬೊಗಳಿಯೇ ಕಚ್ಚಿತು.
ಬೊಗಳುವ ಮುಂಚೆ ಹೇಳಿಯೂ ಇತ್ತು ಪಾಪ,
ಬಾಯಿ ಮುಚ್ಚಿ, ಮೈ ಸೆಟೆಸಿ,
ಕಣ್ಣಂಚಿನ ಬಿಳಿಯನ್ನು ಬಿದಿಗೆ ಚಂದ್ರನಷ್ಟು ತೋರಿಸಿ.
ನನಗೆ ಓದಲು ಬರುತ್ತಿರಲಿಲ್ಲ.

ಓದಲು ಕಲಿಸಿದವನು ಗುಲ್‌ಜರೀನ್,
ಸ್ವಾತ್ ಕಡೆಯವನು, ತನ್ನ ಹೆಸರಷ್ಟೇ ಬರೆಯಬಲ್ಲವನು.
ಬಾಲ ಅಲ್ಲಾಡಿತು ಅಂತ ನಂಬಬೇಡ, ಎಂದ,
ಎಲ್ಲಿಂದ ಅಲ್ಲಾಡಿತು ನೋಡು.
ಸೊಂಟದಿಂದಲೇ ಹೊರಟಿದ್ದರೆ ಖುಷಿ.
ನೆಟ್ಟಗೆ ಮೇಲೆ ನಿಂತು, ತುದಿ ಮಾತ್ರ
ಮೀಟಿದ ತಂತಿಯ ಹಾಗೆ ನಡುಗಿದರೆ
ಬಾಗಿಲು ಹಾಕು, ಹಿಂದೆ ಬಾ.

ಜುಲೈಯಲ್ಲಿ ಸಾಹೇಬರೆಲ್ಲ ತಣ್ಣನೆಯ ಊರುಗಳಿಗೆ ಹಾರುತ್ತಾರೆ.
ನಲವತ್ತೆರಡು ನಾಯಿ, ಹತ್ತೊಂಬತ್ತು ಬೆಕ್ಕು.
ಹೊರಗೆ ಬಿಸಿಲು ಕಬ್ಬಿಣ ಕಾಯಿಸುತ್ತಿರುತ್ತದೆ,
ಒಳಗೆ ಏಸಿ, ಗೂಡಿಗೊಂದು ಚೀಟಿ:
'ಸ್ನೇಹಜೀವಿ.' 'ಮಕ್ಕಳೆಂದರೆ ಪ್ರಾಣ.' 'ಯಾರನ್ನೂ ಕಚ್ಚಿಲ್ಲ.'
ಚೀಟಿ ಬರೆದವರು ಮನೆಯವರು.
ಕಿವಿ ಬೇರೆಯದನ್ನೇ ಹೇಳುತ್ತಿರುತ್ತದೆ.

ರೀಮ್ ಅನ್ನುವ ಸಲೂಕಿ
ಮೊದಲ ದಿನ ತುಟಿ ನೆಕ್ಕುತ್ತಲೇ ಇತ್ತು,
ತಟ್ಟೆಯ ಊಟ ಮುಟ್ಟದೆಯೇ.
ಒದ್ದೆಯಾಗದೆ ಮೈ ಕೊಡವುತ್ತಿತ್ತು.
ನಿದ್ದೆ ಬಾರದೆ ಆಕಳಿಸುತ್ತಿತ್ತು, ದವಡೆ ಕಳಚುವಷ್ಟು ದೊಡ್ಡದಾಗಿ,
ಕೊನೆಗೊಂದು ಸಣ್ಣ ಕೀರಲು.
ಇದು ಭಯ, ಎಂದ ಗುಲ್‌ಜರೀನ್.
ಎದುರು ಕೂರಬೇಡ. ಪಕ್ಕಕ್ಕೆ ತಿರುಗಿ ಕೂರು.
ಕಣ್ಣಲ್ಲಿ ಕಣ್ಣಿಡಬೇಡ. ಕೈ ಚಾಚಬೇಡ.
ನೀನೊಂದು ಗೋಡೆ ಅಂದುಕೋ,
ನೆರಳಿರುವ ಗೋಡೆ.
ನಾಲ್ಕನೇ ದಿನ ಅದರ ಗಲ್ಲ ನನ್ನ ಮೊಣಕಾಲಿನ ಮೇಲಿತ್ತು.

ಬೆಕ್ಕುಗಳದು ಬೇರೆಯೇ ಲಿಪಿ.
ಬಾಲ ಬಡಿದರೆ ಎದ್ದು ಹೋಗು ಅಂತ ಅರ್ಥ.
ಪುರ್ರ್ ಅಂದದ್ದೆಲ್ಲ ಸುಖವೂ ಅಲ್ಲ;
ಮೂತ್ರ ಕಟ್ಟಿ ಸಾಯುವ ಹಿಂದಿನ ರಾತ್ರಿ
ಒಂದು ಗಂಡು ಬೆಕ್ಕು ನನ್ನ ಮಡಿಲಲ್ಲಿ
ಪುರ್ರ್ ಅನ್ನುತ್ತಲೇ ಇತ್ತು.
ಕಣ್ಣು ಮುಚ್ಚಿ ಹಾಲು ಕುಡಿಯುವುದಕ್ಕೆ
ನಮ್ಮೂರಲ್ಲಿ ಕಳ್ಳತನ ಅಂತ ಹೆಸರು.
ಮೊನ್ನೆ ಮಿಶ್‌ಮಿಶ್, ಆ ಕೇಸರಿ ಬೆಕ್ಕು,
ನನ್ನತ್ತ ನೋಡಿ ನಿಧಾನ ರೆಪ್ಪೆ ಇಳಿಸಿ, ನಿಧಾನ ಎತ್ತಿತು.
ನಾನೂ ಹಾಗೇ ಮಾಡಿದೆ.
ನೀನಿರುವಾಗ ಕಣ್ಣು ಮುಚ್ಚಬಹುದು, ಇಷ್ಟೇ ಅದರ ಮಾತು.
ಹಾಲಿನ ಮುಂದೆಯೂ ಅದನ್ನೇ ಹೇಳುತ್ತಿತ್ತೋ ಏನೋ,
ಇಷ್ಟು ವರ್ಷ ಸುಮ್ಮನೆ ಬೈಸಿಕೊಂಡಿತು.

ಮುಹರ್ರಕ್‌ನ ರೂಮಿನಲ್ಲಿ ನಾವು ಆರು ಜನ.
ನಿನ್ನೆ ಐತಪ್ಪ ಕಂಪನಿಯಿಂದ ಬೇಗ ಬಂದ.
ಏನು ಬೇಗ? ಅಂದೆ.
ಹಾಗೇ ಮಾರಾಯ, ಎಲ್ಲ ಒಳ್ಳೇದುಂಟು, ಅಂದು ನಕ್ಕ.
ನಗು ತುದಿಯಲ್ಲಿ ಮಾತ್ರ ಆಡಿತು.
ಕುಬ್ಬೂಸ್ ಮುರಿದ, ತಿನ್ನಲಿಲ್ಲ, ತುಟಿ ಸವರಿಕೊಂಡ.
ಕೆಳಗಿನ ಬಂಕಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು
ಆಕಳಿಸಿದ.
ಗಂಟೆ ಏಳಾಗಿತ್ತಷ್ಟೆ.
ಮತ್ತೊಮ್ಮೆ ಆಕಳಿಸಿದ.
ನಿದ್ದೆಯಾ? ಅಂತ ಮೇಲಿನ ಬಂಕಿನವನು ಕೇಳಿದ.
ಹೌದು, ಅಂದ.

ನಾನು ಏನೂ ಕೇಳಲಿಲ್ಲ.
ಚಹಾ ತಂದು ಅವನ ಕೈಗಲ್ಲ, ಕೈಯ ಹತ್ತಿರ ಇಟ್ಟೆ.
ಪಕ್ಕಕ್ಕೆ ತಿರುಗಿ ಕೂತು
ಸಾಕ್ಸಿಗೆ ಅಂಟಿದ್ದ ರೀಮಿನ ರೋಮ
ಒಂದೊಂದಾಗಿ ಬಿಡಿಸತೊಡಗಿದೆ.
ಒಂಬತ್ತಾಯಿತು. ಹತ್ತಾಯಿತು. ಯಾರೋ ಲೈಟು ಆರಿಸಿದರು.
ರೋಮ ಯಾವಾಗಲೋ ಮುಗಿದಿತ್ತು,
ಬೆರಳು ಬಿಡಿಸುತ್ತಲೇ ಇತ್ತು.

ಕತ್ತಲಲ್ಲಿ, ಗೋಡೆಗೆ ಹೇಳುವ ಹಾಗೆ,
ವೀಸಾ ಕ್ಯಾನ್ಸಲ್ ಮಾಡಿದ್ದಾರೆ, ಅಂದ.
ಹೂಂ, ಅಂದೆ.
ಆಮೇಲೆ, ಬಹಳ ಹೊತ್ತಿನ ಮೇಲೆ,
ಆರಿದ ಚಹಾ ಎತ್ತಿ ಕುಡಿಯುವ ಸದ್ದು.